ಬಿಟ್ಟ ಸ್ಥಳ ಮತ್ತು ಕಂಪ್ಯೂಟರಿನ ವ್ಯಾಕರಣ

ಕಚೇರಿಗಳಿಂದ ಮನೆಗೆ ಬರುವ ಅಚ್ಚಾದ ಪತ್ರಗಳನ್ನು ನೀವೆಲ್ಲರೂ ನೋಡಿದ್ದೀರಿ. ಒಕ್ಕಣೆಯೆಲ್ಲ ಮೊದಲೇ ಅಚ್ಚಾಗಿರುತ್ತದೆ; ಹೆಸರಿಗೊಂದು, ಮೊಬಲಗಿಗೊಂದು, ತಾರೀಖಿಗೊಂದು ಎಂದು ನಡುನಡುವೆ ಸ್ಥಳ ಬಿಟ್ಟಿರುತ್ತಾರೆ. ಅಂಥ ಪತ್ರದ ಮೊದಲ ಸಾಲನ್ನು ನೆನಪಿಗೆ ತಂದುಕೊಳ್ಳಿ. ‘ಶ್ರೀ’ ಎಂದು ಅಚ್ಚು. ಆಮೇಲೆ ಬಿಟ್ಟ ಸ್ಥಳ. ಅದಾದ ಮೇಲೆ ‘ಅವರಿಗೆ’ ಎಂದು ಮತ್ತೆ ಅಚ್ಚು. ಈ ‘ಅವರಿಗೆ’ ಎಂಬುದು ಮರ್ಯಾದೆಯ ಮಾತು, ನಿಜ. ಆದರೆ ಅದು ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸವುಂಟು. ಕನ್ನಡದಲ್ಲಿ ಚತುರ್ಥೀ ವಿಭಕ್ತಿಯ ಪ್ರತ್ಯಯ ಎಲ್ಲ ಪದಗಳಿಗೂ ಒಂದೇ ರೂಪದಲ್ಲಿ ಹತ್ತುವುದಿಲ್ಲ. ರಾಮನಿಗೆ, ಸೀತೆಗೆ, ಗುರುವಿಗೆ, ಮರಕ್ಕೆ ಎನ್ನಬೇಕು. ಬಿಟ್ಟ ಸ್ಥಳದ ಮುಂದೆ ಬರಿಯ ‘ಗೆ’ ಎಂದು ಅಚ್ಚು ಹಾಕಿಸಿದರೆ ಸೀತೆಗೆ ಒಪ್ಪೀತು, ರಾಮನಿಗೆ ಒಪ್ಪದು. ಆದ್ದರಿಂದ ಪ್ರತ್ಯಯವನ್ನು ಹೆಸರಿನಿಂದ ಬಿಡಿಸಿ ‘ಅವರು’ ಎಂಬ ಸರ್ವನಾಮಕ್ಕೆ ಹತ್ತಿಸಿದ್ದಾರೆ. ಈಗ ಯಾವ ಹೆಸರನ್ನು ಬರೆದರೂ ವಾಕ್ಯ ಶುದ್ಧವಾಗಿಯೇ ಇರುತ್ತದೆ. ಇಲ್ಲಿ ವ್ಯಾಕರಣದ ನಿಯಮವನ್ನು ಮುರಿಯಲಿಲ್ಲ. ನಿಯಮವನ್ನು ತಿದ್ದಿರೆಂದು ಯಾರನ್ನೂ ಕೇಳಲಿಲ್ಲ. ವಾಕ್ಯವನ್ನು ಬೇರೆ ರೀತಿಯಲ್ಲಿ ಜೋಡಿಸಿದರು, ಅಷ್ಟೆ.

ಕಂಪ್ಯೂಟರಿನ ಭಾಷೆಗಳಲ್ಲಿಯೂ ಬಿಟ್ಟ ಸ್ಥಳದ್ದೇ ಒಂದು ತೊಡಕು ಬಹುಕಾಲ ಇದ್ದಿತು. ಅದು ಬಿಡಿಸಿಕೊಂಡ ರೀತಿಯೂ ಇದನ್ನೇ ಹೋಲುತ್ತದೆ. ಆ ಕಥೆಯನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ಕಂಪ್ಯೂಟರನ್ನು ಮುಟ್ಟಿ ನೋಡದವರಿಗೂ ಇದು ತಿಳಿಯುವಂಥದೇ. ಅಂಕಗಣಿತಕ್ಕಿಂತ ವ್ಯಾಕರಣವೇ ಇದರಲ್ಲಿ ಹೆಚ್ಚು.

ಮೊದಲು ‘ಬಗೆ’ ಎಂಬ ಒಂದು ಮಾತನ್ನು ತಿಳಿದುಕೊಳ್ಳೋಣ. ‘ಬೆಂಕಿಯಿಂದ ಗಿಡವನ್ನು ನೆನೆಸಿದನು’ ಎಂಬ ವಾಕ್ಯವನ್ನು ನೋಡಿ. ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ಸರಿಯಾಗಿವೆ, ವಿಭಕ್ತಿಗಳೂ ಸರಿ. ಆದರೂ ಇದು ವಾಕ್ಯವಲ್ಲ. ನೆನೆಸುವುದಕ್ಕೆ ಬೆಂಕಿ ತಕ್ಕ ವಸ್ತುವಲ್ಲ. ನಮ್ಮ ಶಾಸ್ತ್ರಕಾರರು ಇದನ್ನು ‘ಯೋಗ್ಯತೆ’ ಇಲ್ಲದ ವಾಕ್ಯ ಎಂದರು. ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿಯೂ ಹೀಗೆಯೇ. ಒಂದು ಸಂಖ್ಯೆಯನ್ನು ಇನ್ನೊಂದು ಸಂಖ್ಯೆಗೆ ಕೂಡಿಸಬಹುದು. ಒಂದು ಹೆಸರನ್ನು ಸಂಖ್ಯೆಗೆ ಕೂಡಿಸಲಾಗದು. ಸಂಖ್ಯೆ ಒಂದು ಬಗೆ, ಬರಹ ಇನ್ನೊಂದು ಬಗೆ. ಯಾವ ಕ್ರಿಯೆಗೆ ಯಾವ ಬಗೆಯ ವಸ್ತು ತಕ್ಕದ್ದು ಎಂಬ ಕಟ್ಟಳೆಗಳ ಗುಂಪೇ ಆ ಭಾಷೆಯ ಬಗೆ-ವ್ಯವಸ್ಥೆ. ಪ್ರೋಗ್ರಾಮು ಓಡುವುದಕ್ಕೆ ಮೊದಲೇ ಅದನ್ನು ಓದಿ, ಯೋಗ್ಯತೆ ಇದೆಯೇ ಇಲ್ಲವೇ ಎಂದು ತಿದ್ದುವ ಉಪಾಧ್ಯಾಯನನ್ನು ಬಗೆ-ಪರೀಕ್ಷಕ ಎನ್ನೋಣ. ಇದೂ ಒಂದು ಪ್ರೋಗ್ರಾಮೇ.

ಈ ಪರೀಕ್ಷಕನನ್ನು ಬಹಳ ಕಟ್ಟುನಿಟ್ಟಾಗಿ ಇಟ್ಟುಕೊಂಡ ಭಾಷೆಗಳಲ್ಲಿ ಎಂ.ಎಲ್. ಎಂಬುದು ಹೆಸರುವಾಸಿಯಾದದ್ದು. ಇದು 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ರಾಬಿನ್ ಮಿಲ್ನರ್ ಮತ್ತು ಅವರ ಸಂಗಡಿಗರ ಕೈಯಲ್ಲಿ ಹುಟ್ಟಿತು. ಗಣಿತದ ಪ್ರಮೇಯಗಳನ್ನು ಕಂಪ್ಯೂಟರಿನ ನೆರವಿನಿಂದ ಸಾಧಿಸುವುದು ಅವರ ಉದ್ದೇಶವಾಗಿತ್ತು. ಸಾಧಿಸದೆ ಇದ್ದುದನ್ನು ಸಾಧಿಸಿದೆನೆಂದು ಯಂತ್ರ ಹೇಳಿಬಿಟ್ಟರೆ ಏನು ಗತಿ? ಅದಕ್ಕಾಗಿ ಅವರು ‘ಪ್ರಮೇಯ’ ಎಂಬುದನ್ನೇ ಒಂದು ಬಗೆಯನ್ನಾಗಿ ಮಾಡಿದರು. ತರ್ಕದ ಒಪ್ಪಿತ ನಿಯಮಗಳ ಮೂಲಕ ಬಂದುದಲ್ಲದೆ ಬೇರೆ ಯಾವುದೂ ಆ ಬಗೆಗೆ ಸೇರುವಂತಿರಲಿಲ್ಲ. ಪರೀಕ್ಷಕ ಸಡಿಲನಾದರೆ ಸತ್ಯವೇ ಸಡಿಲವಾಗುತ್ತಿತ್ತು. ಅವನು ಕಟ್ಟುನಿಟ್ಟಾಗಿರಬೇಕಾದ ಕಾರಣ ಇದು.

ಈ ಭಾಷೆಯಲ್ಲಿ ಪ್ರೋಗ್ರಾಮೆಂದರೆ ಮುಖ್ಯವಾಗಿ ಫಂಕ್ಷನ್‌ಗಳ ಜೋಡಣೆ. ಫಂಕ್ಷನ್ ಎಂದರೆ ಒಂದನ್ನು ಪಡೆದು ಇನ್ನೊಂದನ್ನು ಕೊಡುವ ವಿಧಿ. ಕಾಳು ಹಾಕಿದರೆ ಹಿಟ್ಟು ಕೊಡುವ ಗಿರಣಿಯ ಹಾಗೆ. ಒಂದು ಫಂಕ್ಷನ್ನನ್ನೇ ಇನ್ನೊಂದು ಫಂಕ್ಷನ್ನಿನ ಕೈಗೆ ಕೊಡಲೂಬಹುದು ಎಂಬುದು ಇದರ ವಿಶೇಷ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 1978ರಲ್ಲಿ ಮಿಲ್ನರ್ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಅನುಕೂಲಗಳು ಒಟ್ಟಿಗೆ ಬಂದವು. ಒಂದು, ಯಾವ ಪದ ಯಾವ ಬಗೆಯದೆಂದು ಬರೆಯುವವರು ಹೇಳಬೇಕಾಗಿಲ್ಲ. ವಾಕ್ಯದ ರಚನೆಯಿಂದಲೇ ಪರೀಕ್ಷಕ ಅದನ್ನು ಊಹಿಸಿ ನಿಶ್ಚಯಿಸುತ್ತಾನೆ. ಇನ್ನೊಂದು, ‘ಯಾವುದೋ ಒಂದು ಬಗೆ, ಯಾವುದಾದರೂ ಸರಿ’ ಎಂದು ಹೇಳಲು ಆ ವ್ಯಾಕರಣದಲ್ಲಿ ಎಡೆಯಿದೆ. ಸಾಲಾಗಿ ಜೋಡಿಸಿದ ವಸ್ತುಗಳನ್ನು ಹಿಂದುಮುಂದು ಮಾಡುವ ವಿಧಿಗೆ, ಆ ವಸ್ತುಗಳು ಸಂಖ್ಯೆಗಳೋ ಹೆಸರುಗಳೋ ಎಂಬ ಗೊಡವೆ ಏಕೆ? ಇದಕ್ಕೆ ಹತ್ತಿರದ ಫಲವನ್ನು ಬ್ರಿಟನ್ನಿನವರೇ ಆದ ರೋಜರ್ ಹಿಂಡ್ಲಿ ಎಂಬುವರು 1969ರಲ್ಲಿಯೇ ತರ್ಕಶಾಸ್ತ್ರದ ಕಡೆಯಿಂದ ಕಂಡುಕೊಂಡಿದ್ದರು. ಆದುದರಿಂದ ಈ ಪದ್ಧತಿಗೆ ಇಬ್ಬರ ಹೆಸರೂ ಸೇರಿದೆ. ಮಿಲ್ನರ್ ಅವರಿಗೆ 1991ರ ಟ್ಯೂರಿಂಗ್ ಪ್ರಶಸ್ತಿ ಬಂದಿತು. 2010ರಲ್ಲಿ ಅವರು ತೀರಿಕೊಂಡರು.

ಇಷ್ಟು ಒಳ್ಳೆಯ ವ್ಯಾಕರಣಕ್ಕೂ ಒಂದು ಮಿತಿಯಿತ್ತು. ಅದು ತಲೆಹಾಕಿದ್ದು ಬಿಟ್ಟ ಸ್ಥಳದ ವಿಷಯದಲ್ಲಿ.

ಪ್ರೋಗ್ರಾಮುಗಳು ಪ್ರತಿನಿತ್ಯ ಮಾಡುವ ಕೆಲಸಗಳಲ್ಲಿ ನಮೂನೆ ತುಂಬುವುದೂ ಒಂದು. ನಿಮ್ಮ ಖಾತೆಗೆ ಇಷ್ಟು ರೂಪಾಯಿ ಜಮಾ ಆಗಿದೆ ಎಂದು ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶವನ್ನು ಯಾರೂ ಕುಳಿತು ಬರೆದಿರುವುದಿಲ್ಲ. ನಮೂನೆಯೊಂದು ಇರುತ್ತದೆ, ಬಿಟ್ಟ ಸ್ಥಳಗಳನ್ನು ಯಂತ್ರ ತುಂಬುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ಅವರು ರೂಪಿಸಿದ ಸಿ ಭಾಷೆಯಲ್ಲಿ ಇದಕ್ಕೆ ‘ಪ್ರಿಂಟ್‌ಎಫ್’ ಎಂಬ ಹೆಸರಿನ ಫಂಕ್ಷನ್ ಉಂಟು. ಅದಕ್ಕೆ ಮೊದಲು ನಮೂನೆಯನ್ನು ಬರಹದ ರೂಪದಲ್ಲಿ ಕೊಡುತ್ತಾರೆ. ಬಿಟ್ಟ ಸ್ಥಳ ಇರುವಲ್ಲಿ ಶೇಕಡಾ ಚಿಹ್ನೆ ಹಾಕಿ, ಸಂಖ್ಯೆ ಬೇಕಾದರೆ ಒಂದು ಅಕ್ಷರ, ಬರಹ ಬೇಕಾದರೆ ಇನ್ನೊಂದು ಅಕ್ಷರ ಬರೆಯುತ್ತಾರೆ. ನಮೂನೆಯ ಹಿಂದೆಯೇ ತುಂಬಬೇಕಾದ ವಸ್ತುಗಳನ್ನು ಕ್ರಮವಾಗಿ ಕೊಡುತ್ತಾರೆ.

ನೋಡುವುದಕ್ಕೆ ಸುಲಭ. ಆದರೆ ನಮೂನೆ ಸಂಖ್ಯೆಯನ್ನು ಕೇಳಿ, ಬರೆಯುವವರು ಹೆಸರನ್ನು ಕೊಟ್ಟರೆ? ಮೂರು ಸ್ಥಳ ಬಿಟ್ಟು ಎರಡೇ ವಸ್ತು ಕೊಟ್ಟರೆ? ಸಿ ಭಾಷೆಯ ಮೂಲ ಪದ್ಧತಿಯಲ್ಲಿ ಇದನ್ನು ನೋಡಿ ತಡೆಯುವವರು ಇರಲಿಲ್ಲ. ಯಂತ್ರವು ತನ್ನ ನೆನಪಿನಲ್ಲಿ ಪಕ್ಕಕ್ಕೆ ಏನು ಸಿಕ್ಕಿತೋ ಅದನ್ನೇ ಎತ್ತಿ ತುಂಬಿಬಿಡುತ್ತಿತ್ತು. ಇದು ಬರಿಯ ಅಂದಗೇಡಿನ ಮಾತಲ್ಲ. ನಮೂನೆಯಲ್ಲಿ ಬರೆಯಬಹುದಾದ ಚಿಹ್ನೆಗಳಲ್ಲಿ ಒಂದು, ಯಂತ್ರದ ನೆನಪಿನೊಳಕ್ಕೆ ಒಂದು ಸಂಖ್ಯೆಯನ್ನು ಬರೆದಿಡುವಂಥದು. ಹೊರಗಿನಿಂದ ಬಂದ ಬರಹವನ್ನೇ ಯಾರಾದರೂ ಅಜಾಗರೂಕತೆಯಿಂದ ನಮೂನೆಯಾಗಿ ಬಳಸಿದರೆ, ಹೊರಗಿನವನು ಆ ಚಿಹ್ನೆಯನ್ನು ಅದರಲ್ಲಿ ಅಡಗಿಸಿ ಕಳುಹಿಸಿ ಯಂತ್ರವನ್ನೇ ವಶಪಡಿಸಿಕೊಳ್ಳಬಹುದು. 2000ನೇ ಇಸವಿಯಲ್ಲಿ, ಕಡತಗಳನ್ನು ಸಾಗಿಸಲು ಆಗ ಅನೇಕ ಕಡೆ ಬಳಕೆಯಲ್ಲಿದ್ದ ಡಬ್ಲ್ಯು.ಯು.-ಎಫ್.ಟಿ.ಪಿ.ಡಿ. ಎಂಬ ಪ್ರೋಗ್ರಾಮಿನಲ್ಲಿ ಇಂಥದೇ ಕಿಂಡಿ ಇರುವುದು ಬಯಲಾಯಿತು; ಅದೇ ಕಾಲದಲ್ಲಿ ಇನ್ನೂ ಹಲವು ಪ್ರೋಗ್ರಾಮುಗಳಲ್ಲಿ ಕಂಡುಬಂದಿತು. ಒಂದು ನಮೂನೆಯ ಬಿಟ್ಟ ಸ್ಥಳ ಮನೆಯ ಹಿತ್ತಿಲ ಬಾಗಿಲಾಯಿತು. ಸಿ ಭಾಷೆಯ ಕಂಪೈಲರುಗಳು ಈಗ ನಮೂನೆಯನ್ನು ಓದಿ ಎಚ್ಚರಿಕೆ ಕೊಡಬಲ್ಲವು. ಆದರೆ ಆ ಎಚ್ಚರಿಕೆ ಭಾಷೆಯ ವ್ಯಾಕರಣದೊಳಗಿನದಲ್ಲ, ಹೊರಗಿನಿಂದ ಕಟ್ಟಿದ ಊರುಗೋಲು.

ಸರಿ, ಎಂ.ಎಲ್.ನಂಥ ಕಟ್ಟುನಿಟ್ಟಿನ ಭಾಷೆಯಲ್ಲಿ ಈ ಫಂಕ್ಷನ್ನನ್ನು ಬರೆಯೋಣವೆಂದರೆ ಪರೀಕ್ಷಕ ಒಪ್ಪುವುದಿಲ್ಲ. ಅವನ ಆಕ್ಷೇಪಣೆ ನ್ಯಾಯವಾದುದೇ. ಪ್ರತಿಯೊಂದು ಫಂಕ್ಷನ್ನೂ ಏನನ್ನು ಪಡೆಯುತ್ತದೆ, ಏನನ್ನು ಕೊಡುತ್ತದೆ ಎಂಬುದು ಪ್ರೋಗ್ರಾಮು ಓಡುವುದಕ್ಕೆ ಮುಂಚೆಯೇ ಅವನಿಗೆ ತಿಳಿಯಬೇಕು. ಪ್ರಿಂಟ್‌ಎಫ್ ಪಡೆಯುವುದೇನು? ನಮೂನೆಯಲ್ಲಿ ಏನು ಬರೆದಿದೆಯೋ ಅದಕ್ಕೆ ತಕ್ಕಂತೆ ಒಮ್ಮೆ ಒಂದು ಸಂಖ್ಯೆ, ಒಮ್ಮೆ ಎರಡು ಹೆಸರು, ಒಮ್ಮೆ ಏನೂ ಇಲ್ಲ. ನಮೂನೆಯೋ ಒಂದು ಬರಹ. ಪರೀಕ್ಷಕನಿಗೆ ಅದು ‘ಬರಹ’ ಎಂಬ ಬಗೆಯದೆಂದು ಗೊತ್ತು. ಬರಹದ ಒಳಗೆ ಏನಿದೆ ಎಂದು ಅವನು ಓದುವುದಿಲ್ಲ. ಮುಚ್ಚಿದ ಲಕೋಟೆಯ ಮೇಲೆ ಅಂಚೆ ಚೀಟಿ ಇದೆಯೇ ಎಂದು ನೋಡುವವರು ಒಳಗಿನ ಕಾಗದವನ್ನು ಓದುತ್ತಾರೆಯೆ? ಹಾಗೆ.

ಇಂಥ ಮಿತಿ ಎದುರಾದಾಗ ಜನ ಹಿಡಿಯುವ ದಾರಿಗಳು ಮೂರು.

ಮೊದಲನೆಯದು, ಪರೀಕ್ಷಕನ ಕಣ್ಣಿಗೆ ಬಟ್ಟೆ ಕಟ್ಟುವುದು. ಕಟ್ಟುನಿಟ್ಟಿನ ಭಾಷೆಗಳಲ್ಲಿಯೂ ಇದಕ್ಕೆ ಒಂದು ಗುಪ್ತದ್ವಾರ ಇಟ್ಟಿರುತ್ತಾರೆ. ಎಂ.ಎಲ್. ವಂಶದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ಓಕ್ಯಾಮಲ್ ಭಾಷೆಯಲ್ಲಿ ಆ ದ್ವಾರಕ್ಕೆ ‘ಮ್ಯಾಜಿಕ್’ ಎಂದೇ ಹೆಸರು. ಹ್ಯಾಸ್ಕೆಲ್ ಭಾಷೆಯವರು ಅದರ ಹೆಸರಿನಲ್ಲಿಯೇ ‘ಅಪಾಯ’ ಎಂಬ ಅರ್ಥದ ಪದವನ್ನು ಸೇರಿಸಿದ್ದಾರೆ. ‘ಈ ವಸ್ತು ಇಂಥ ಬಗೆಯದೆಂದು ನಂಬು, ಕೇಳಬೇಡ’ ಎಂದು ಅಲ್ಲಿ ಹೇಳಬಹುದು. ನಂಬಿಕೆ ನಿಜವಾದರೆ ಬದುಕಿದೆವು. ಸುಳ್ಳಾದರೆ ಪ್ರೋಗ್ರಾಮು ಎಲ್ಲಿ ಯಾವಾಗ ಕುಸಿಯುವುದೋ ಹೇಳಬರುವುದಿಲ್ಲ.

ಎರಡನೆಯದು, ವ್ಯಾಕರಣವನ್ನೇ ವಿಸ್ತರಿಸುವುದು. ಪರೀಕ್ಷಕ ಲಕೋಟೆಯನ್ನು ಒಡೆದು ಓದಲಿ. ನಮೂನೆಯ ಒಳಗಿನ ಮಾತಿಗೆ ತಕ್ಕಂತೆ ಫಂಕ್ಷನ್ನಿನ ಬಗೆ ಬದಲಾಗಲಿ ಎಂಬುದು ಈ ಪಕ್ಷ. ಸ್ವೀಡನ್ನಿನ ಲೆನಾರ್ಟ್ ಆಗಸ್ಟ್‌ಸನ್ ಎಂಬುವರು 1998ರಲ್ಲಿ ಪ್ರಕಟಿಸಿದ ಕೇಯೆನ್ ಎಂಬ ಭಾಷೆ ಇಂಥದು. ಅದರಲ್ಲಿ ಪ್ರಿಂಟ್‌ಎಫ್‌ಗೆ ನೇರವಾಗಿಯೇ ಬಗೆಯನ್ನು ಹೇಳಬಹುದು. ಆದರೆ ಓದುವ ಅಧಿಕಾರ ಕೊಟ್ಟಮೇಲೆ ಓದುವ ಶ್ರಮವೂ ಬಂದಿತಲ್ಲ! ಆ ಭಾಷೆಯ ಪರೀಕ್ಷಕ ಕೆಲವು ಪ್ರೋಗ್ರಾಮುಗಳನ್ನು ಓದುತ್ತ ಕುಳಿತರೆ ಎಂದಿಗೂ ಏಳದೆ ಇರಬಹುದು; ಅಂದರೆ ಸರಿ-ತಪ್ಪು ಎಂಬ ತೀರ್ಪು ಬಂದೇ ಬರುವುದೆಂಬ ಭರವಸೆಯಿಲ್ಲ. ಓಕ್ಯಾಮಲ್ ಭಾಷೆಯವರು ಇನ್ನೊಂದು ಉಪಾಯ ಮಾಡಿದರು. ನಮೂನೆಗಳಿಗೆ ಮಾತ್ರ ಅನ್ವಯಿಸುವ ಒಂದು ವಿಶೇಷ ಸೂತ್ರವನ್ನು ಕಂಪೈಲರಿನೊಳಗೇ ಸೇರಿಸಿದರು. ಒಂದು ಪದಕ್ಕಾಗಿ ಒಂದು ಅಪವಾದ ಸೂತ್ರ ಬರೆದ ಹಾಗಾಯಿತು. ಕೆಲಸವೇನೋ ನಡೆಯಿತು.

ಮೂರನೆಯ ದಾರಿಯನ್ನು ತೋರಿಸಿಕೊಟ್ಟವರು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದಲ್ಲಿದ್ದ ಓಲಿವಿಯೆ ಡಾನ್ವಿ ಎಂಬುವರು. ಅದೂ 1998ರಲ್ಲಿಯೇ. ಅವರು ಪರೀಕ್ಷಕನ ಕಣ್ಣು ಕಟ್ಟಲಿಲ್ಲ. ಹೊಸ ಸೂತ್ರವನ್ನೂ ಕೇಳಲಿಲ್ಲ. ದೋಷವಿರುವುದು ವ್ಯಾಕರಣದಲ್ಲಲ್ಲ, ನಮೂನೆಯನ್ನು ಬರಹವಾಗಿ ಕೊಡುವ ನಮ್ಮ ಅಭ್ಯಾಸದಲ್ಲಿ ಎಂಬುದು ಅವರ ವಿಚಾರಸರಣಿ. ಲಕೋಟೆಯಲ್ಲಿ ಮುಚ್ಚಿ ಕೊಟ್ಟು, ಒಳಗೇನಿದೆಯೆಂದು ತಿಳಿಯಲಿಲ್ಲವೆಂದು ಪರೀಕ್ಷಕನನ್ನು ದೂರುವುದೇಕೆ? ಬಿಚ್ಚಿ ಮೇಜಿನ ಮೇಲೆ ಹರಡೋಣ.

ಹೇಗೆಂದರೆ, ನಮೂನೆಯನ್ನು ತುಂಡುಗಳಾಗಿ ಬಿಡಿಸಬೇಕು. ಅಚ್ಚಿನ ಮಾತು ಒಂದು ತುಂಡು; ಹೆಸರಿಗೆ ಬಿಟ್ಟ ಸ್ಥಳ ಒಂದು ತುಂಡು; ಸಂಖ್ಯೆಗೆ ಬಿಟ್ಟ ಸ್ಥಳ ಇನ್ನೊಂದು. ಪ್ರತಿಯೊಂದು ತುಂಡೂ ಒಂದು ಫಂಕ್ಷನ್. ಒಂದು ಕಚೇರಿಯಲ್ಲಿ ಸಾಲಾಗಿ ಕುಳಿತ ಗುಮಾಸ್ತರನ್ನು ಕಲ್ಪಿಸಿಕೊಳ್ಳಿ. ಒಂದು ಹಾಳೆ ಮೊದಲನೆಯವರಿಂದ ಹೊರಟು ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬರಿಗೂ ಗೊತ್ತಿರುವುದು ಎರಡೇ ಸಂಗತಿ: ತಮ್ಮ ಪಾಲಿನದನ್ನು ಬರೆಯುವುದು, ಬರೆದು ಪಕ್ಕದವರಿಗೆ ದಾಟಿಸುವುದು. ಅಚ್ಚಿನ ಗುಮಾಸ್ತರು ಯಾರನ್ನೂ ಏನನ್ನೂ ಕೇಳುವುದಿಲ್ಲ. ತಮ್ಮ ಮಾತನ್ನು ಬರೆದು ದಾಟಿಸುತ್ತಾರೆ. ಹೆಸರಿನ ಗುಮಾಸ್ತರು ಕಿಟಕಿಯ ಹೊರಗೆ ನಿಂತವರಿಂದ ಒಂದು ಹೆಸರು ಕೇಳಿ, ಅದನ್ನು ಬರೆದು ದಾಟಿಸುತ್ತಾರೆ. ಸಂಖ್ಯೆಯವರು ಒಂದು ಸಂಖ್ಯೆಯನ್ನು ಕೇಳಿ ಬರೆದು ದಾಟಿಸುತ್ತಾರೆ. ಸಾಲಿನ ಕೊನೆಯಲ್ಲಿರುವವರು ಪೂರ್ತಿಯಾದ ಹಾಳೆಯನ್ನು ಹೊರಗೆ ಕೊಡುತ್ತಾರೆ.

ಈಗ ಪರೀಕ್ಷಕ ಈ ಸಾಲನ್ನು ಹೇಗೆ ಓದುತ್ತಾನೆ ನೋಡಿ. ಕೊನೆಯವರಿಂದ ಹಿಂದಕ್ಕೆ ಬರೋಣ. ಕೊನೆಯವರ ಬಳಿ ಕೇಳುವುದೇನೂ ಇಲ್ಲ. ಅಲ್ಲಿ ಸಿಗುವುದು ಬರಹ. ಅವರ ಹಿಂದೆ ಸಂಖ್ಯೆಯ ಗುಮಾಸ್ತರು ಇದ್ದರೆ, ಅಲ್ಲಿಂದ ಮುಂದಕ್ಕೆ ಬೇಕಾಗುವುದು ‘ಒಂದು ಸಂಖ್ಯೆ, ಆಮೇಲೆ ಬರಹ’. ಅವರ ಹಿಂದೆ ಅಚ್ಚಿನವರಿದ್ದರೆ ಪಟ್ಟಿ ಹೆಚ್ಚುವುದಿಲ್ಲ. ಅವರ ಹಿಂದೆ ಹೆಸರಿನವರಿದ್ದರೆ, ‘ಒಂದು ಹೆಸರು, ಒಂದು ಸಂಖ್ಯೆ, ಆಮೇಲೆ ಬರಹ’. ಇಡೀ ನಮೂನೆಯ ಬಗೆ ತಾನಾಗಿಯೇ ಬೆಳೆದು ನಿಂತಿತು! ಎಷ್ಟು ಸ್ಥಳ ಬಿಟ್ಟಿದೆಯೋ ಅಷ್ಟೇ ವಸ್ತುಗಳು, ಅದೇ ಕ್ರಮದಲ್ಲಿ. ಹೆಸರಿನ ಜಾಗಕ್ಕೆ ಸಂಖ್ಯೆ ಕೊಟ್ಟರೆ ಪರೀಕ್ಷಕ ತಡೆಯುತ್ತಾನೆ. ಒಂದು ವಸ್ತು ಹೆಚ್ಚಾದರೂ ತಡೆಯುತ್ತಾನೆ. ಕಡಿಮೆಯಾದರೆ ಇನ್ನೂ ತುಂಬದ ನಮೂನೆಯನ್ನು ತುಂಬಿದ ಬರಹವೆಂದು ಎಣಿಸುವುದಿಲ್ಲ.

ಇದರ ಕೀಲು ಎಲ್ಲಿದೆ? ಪ್ರತಿ ಗುಮಾಸ್ತರಿಗೂ ‘ಮುಂದಿನವರು ಏನನ್ನಾದರೂ ಕೇಳಲಿ, ನನಗೆ ಅದರ ಗೊಡವೆಯಿಲ್ಲ’ ಎಂದು ಹೇಳುವ ಸ್ವಾತಂತ್ರ್ಯ ಬೇಕು. ಮಿಲ್ನರ್ ಅವರ ವ್ಯಾಕರಣದಲ್ಲಿ ‘ಯಾವುದೋ ಒಂದು ಬಗೆ’ ಎನ್ನುವುದಕ್ಕೆ ಎಡೆಯಿತ್ತೆಂದು ಹಿಂದೆ ಹೇಳಿದೆನಲ್ಲ, ಅದೇ ಇಲ್ಲಿ ಒದಗಿಬಂದದ್ದು. ಮುಂದಿನವರನ್ನು ಹಿಂದಿನವರ ಕೈಗೆ ಕೊಡುವುದಕ್ಕೆ, ಫಂಕ್ಷನ್ನನ್ನು ಫಂಕ್ಷನ್ನಿನ ಕೈಗೆ ಕೊಡಬಹುದೆಂಬ ನಿಯಮ ಮೊದಲೇ ಇತ್ತು. 1978ರಲ್ಲಿ ಮನೆಯೊಳಗೆ ಇದ್ದ ಸಾಮಾನಿನಿಂದಲೇ 1998ರಲ್ಲಿ ಅಡಿಗೆಯಾಯಿತು. ನಡುವೆ ಇಪ್ಪತ್ತು ವರ್ಷ ಕಳೆದಿತ್ತು. ಅದಕ್ಕಿಂತ ಬಲವಾದ ವ್ಯಾಕರಣವಿಲ್ಲದೆ ಇದು ಸಾಧ್ಯವಿಲ್ಲವೆಂಬಂತೆ ತೋರುತ್ತಿದ್ದ ಕೆಲಸವಿದು. ಇನ್ನೊಂದು ಲಾಭವೂ ಬಂದಿತು. ನಮೂನೆಯ ಬರಹವನ್ನು ಪ್ರತಿಸಲವೂ ಅಕ್ಷರ ಅಕ್ಷರವಾಗಿ ಓದಿ ಅರ್ಥ ಮಾಡಿಕೊಳ್ಳುವ ಶ್ರಮ ತಪ್ಪಿದ್ದರಿಂದ, ಆಗ ಬಳಕೆಯಲ್ಲಿದ್ದ ಫಂಕ್ಷನ್‌ಗಳಿಗಿಂತ ಇದು ವೇಗವಾಗಿಯೂ ಓಡಿತು.

ಹಾಗೆಂದು ಇದರಲ್ಲಿ ಕೊರತೆಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಮೊದಲನೆಯದಾಗಿ, ಒಂದು ತುಂಡು ತಪ್ಪಿದರೆ ಪರೀಕ್ಷಕ ಹೇಳುವ ತಪ್ಪಿನ ವಿವರಣೆ ಉದ್ದವಾಗಿರುತ್ತದೆ. ಹೊಸಬರಿಗೆ ಅರ್ಥವಾಗುವುದು ಕಷ್ಟ. ಎರಡನೆಯದಾಗಿ, ನಮೂನೆ ಪ್ರೋಗ್ರಾಮಿನೊಳಗೇ ಇರಬೇಕು. ಪ್ರೋಗ್ರಾಮು ಓಡುತ್ತಿರುವಾಗ ಹೊರಗಿನ ಕಡತದಿಂದ ಬರಹವಾಗಿ ಬರುವ ನಮೂನೆಗೆ ಈ ಉಪಾಯ ನೇರವಾಗಿ ಸಲ್ಲದು. ಮೂರನೆಯದು ನಮ್ಮಂಥ ಕನ್ನಡಿಗರಿಗೆ ಮುಖ್ಯವಾದದ್ದು. ‘ಇಂತಿಷ್ಟು ರೂಪಾಯಿ ಸಂದಿದೆ, ಇಂಥವರಿಗೆ’ ಎಂಬುದು ಇಂಗ್ಲಿಷಿನ ವಾಕ್ಯಕ್ರಮ. ಮೊಬಲಗು ಮೊದಲು, ಹೆಸರು ಆಮೇಲೆ. ಕನ್ನಡದಲ್ಲಿ ‘ಸೀತಾ ಅವರಿಗೆ 500 ರೂಪಾಯಿ ಸಂದಿದೆ’ ಎನ್ನುತ್ತೇವೆ. ಹೆಸರು ಮೊದಲು, ಮೊಬಲಗು ಆಮೇಲೆ. ಗುಮಾಸ್ತರ ಸಾಲು ಬದಲಾಯಿತು. ಸಾಲು ಬದಲಾದರೆ ಬಗೆಯೂ ಬದಲಾಯಿತು. ಇಂಗ್ಲಿಷ್ ನಮೂನೆ ಇದ್ದ ಜಾಗದಲ್ಲಿ ಕನ್ನಡದ ನಮೂನೆಯನ್ನು ಇಟ್ಟರೆ ಪರೀಕ್ಷಕ ಒಪ್ಪುವುದಿಲ್ಲ.

ಇಲ್ಲಿಯೂ ಸಿಟ್ಟಾಗಬೇಕಾದ್ದಿಲ್ಲ. ಅವನು ಒಪ್ಪದೆ ಇದ್ದುದರಿಂದಲೇ ಹೆಸರಿನ ಜಾಗದಲ್ಲಿ 500, ಮೊಬಲಗಿನ ಜಾಗದಲ್ಲಿ ಸೀತಾ ಎಂದು ಅಚ್ಚಾಗುವುದು ತಪ್ಪಿತು. ಪರಿಹಾರವೂ ಹತ್ತಿರದಲ್ಲಿಯೇ ಇದೆ. ಹೊರಗಿನವರಿಂದ ಯಾವಾಗಲೂ ಮೊದಲು ಹೆಸರು, ಆಮೇಲೆ ಮೊಬಲಗು ಎಂದು ಗೊತ್ತಾದ ಕ್ರಮದಲ್ಲಿ ಪಡೆಯುವ ಒಂದು ಸಣ್ಣ ಫಂಕ್ಷನ್ನನ್ನು ಪ್ರತಿ ಭಾಷೆಗೂ ಬರೆಯುವುದು. ಒಳಗೆ ಇಂಗ್ಲಿಷಿನದು ತನ್ನ ಕ್ರಮದಲ್ಲಿ ತುಂಬಲಿ, ಕನ್ನಡದ್ದು ತನ್ನ ಕ್ರಮದಲ್ಲಿ ತುಂಬಲಿ. ಹೊರಗೆ ಎರಡಕ್ಕೂ ಒಂದೇ ಬಗೆ. ಒಳಗೆ ಅವರವರ ವಾಕ್ಯರಚನೆ ಅವರವರದು.

ಪರೀಕ್ಷಕನಿಗೆ ಹೇಳಿಕೊಡದ ಸಂಗತಿಯನ್ನು ಅವನು ನೋಡಲಾರನೆಂಬುದನ್ನೂ ಮರೆಯಬಾರದು. ಹೆಸರು ‘ಬರಹ’ ಎಂಬ ಬಗೆಯದೆಂದು ಮಾತ್ರ ಅವನಿಗೆ ಗೊತ್ತು. ಅದು ಅಕಾರಾಂತವೋ ಎಕಾರಾಂತವೋ, ‘ನಿಗೆ’ ಹತ್ತುವುದೋ ‘ಗೆ’ ಹತ್ತುವುದೋ ತಿಳಿಯದು. ಮೊಬೈಲಿನ ಪರದೆಯ ಮೇಲೆ ‘ರಾಮಗೆ’ ಎಂದು ಕಂಡಾಗ ನೀವು ನಕ್ಕಿರಬಹುದು. ಬಗೆಯ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಕನ್ನಡದ ದೃಷ್ಟಿಯಿಂದ ಇದೆ. ಅದನ್ನೂ ಯಂತ್ರವೇ ನೋಡಬೇಕೆಂದರೆ ‘ಹೆಸರು’ ಎಂಬುದನ್ನು ಬರಿಯ ಬರಹವಾಗಿ ಇಡದೆ, ವಿಭಕ್ತಿರೂಪಗಳನ್ನು ಬಲ್ಲ ಬೇರೊಂದು ಬಗೆಯಾಗಿ ರಚಿಸಬೇಕು. ಆ ಕೆಲಸಕ್ಕೆ ಕಂಪ್ಯೂಟರ್ ಬಲ್ಲವರ ಜೊತೆಗೆ ಕನ್ನಡ ವ್ಯಾಕರಣ ಬಲ್ಲವರೂ ಕುಳಿತುಕೊಳ್ಳಬೇಕು. ವ್ಯಾಕರಣ ಓದಿ ಏನು ಪ್ರಯೋಜನವೆಂದು ಕೇಳುವ ಹುಡುಗರಿಗೆ ಇದು ಒಂದು ಉತ್ತರ.

ನಿಮ್ಮ ಮನೆಯಲ್ಲಿ ಪ್ರೋಗ್ರಾಮು ಬರೆಯಲು ಕಲಿಯುತ್ತಿರುವ ಮಗನೋ ಮಗಳೋ ಇದ್ದರೆ ಅವರಿಗೆ ಹೇಳಬೇಕಾದ ಮಾತು ಇಷ್ಟೆ. ಪರೀಕ್ಷಕ ‘ಆಗದು’ ಎಂದ ಕೂಡಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಲು ಓಡಬಾರದು. ನಾವು ಅವನಿಂದ ಮುಚ್ಚಿಟ್ಟಿರುವ ಸಂಗತಿ ಯಾವುದು, ಅದನ್ನು ಬಿಚ್ಚಿ ತೋರಿಸಲು ಬರುವುದೇ ಎಂದು ಮೊದಲು ಯೋಚಿಸಬೇಕು. ಅದು ಆಗದಿದ್ದರೆ, ಹೆಚ್ಚು ಬಲವುಳ್ಳ ವ್ಯಾಕರಣ ಯಾವ ಭಾಷೆಯಲ್ಲಿದೆ, ಅದಕ್ಕೆ ತೆರಬೇಕಾದ ಬೆಲೆಯೇನು ಎಂದು ನೋಡಬೇಕು. ಎರಡೂ ಆಗದೆ ಗುಪ್ತದ್ವಾರವನ್ನೇ ತೆರೆಯಬೇಕಾಗಿ ಬಂದರೆ, ಅದನ್ನು ಒಂದೇ ಒಂದು ಸಣ್ಣ ಕೋಣೆಯಲ್ಲಿ ಇಟ್ಟು, ಏಕೆ ತೆರೆದೆವೆಂದು ಅಲ್ಲಿಯೇ ಬರೆದಿಟ್ಟು, ಆ ಕೋಣೆಯನ್ನು ತಮ್ಮ ಕಣ್ಣಿನಿಂದಲೇ ಮತ್ತೆ ಮತ್ತೆ ಪರೀಕ್ಷಿಸಬೇಕು. ಯಂತ್ರ ಕಾಯದ ಬಾಗಿಲನ್ನು ಮನುಷ್ಯರೇ ಕಾಯಬೇಕಲ್ಲವೆ?